ಅಪ್ಪನ ಜೇಬಿನ ಚೂರಿ

ಅಪ್ಪ ಬೆಂಗಳೂರಿಗೆ ಬಂದರೆ ಮೂರನೇ ದಿನಕ್ಕೇ ವಾಪಸ್ ಹೋಗೋಕೆ ನೆಪ ಹುಡುಕ್ತಾರೆ. ತೋಟಕ್ಕೆ ಬೋರ್ಡೋ ಹೊಡೆಯೋದು ಬಾಕಿ, ಹಸು ಇವತ್ತೋ ನಾಳೆಯೋ ಕರು ಹಾಕುತ್ತೆ, ಪಕ್ಕದ ತೋಟದವರು ನೀರು ತಿರುಗಿಸ್ಕೊಳ್ತಾರೆ... ಪಟ್ಟಿ ದೊಡ್ಡದು. ಹೋದ ತಿಂಗಳು ಬಂದಾಗ ಮಾತ್ರ ನೆಪ ಹುಡುಕೋ ಕಷ್ಟ ಬರಲಿಲ್ಲ. ಎರಡನೇ ದಿನವೇ ಒಂದು ಮಾಲ್‌ನ ಬಾಗಿಲಲ್ಲಿ ಅವರನ್ನು ಪಕ್ಕಕ್ಕೆ ನಿಲ್ಲಿಸಿದರು.

ಒಂದು ಜೊತೆ ಒಳ್ಳೆ ಚಪ್ಪಲಿ ಕೊಡಿಸೋಣ ಅಂತ ಕರ್ಕೊಂಡು ಹೋಗಿದ್ದೆ. ಗಾರ್ಡ್ ಕೈಯಲ್ಲಿದ್ದ ಯಂತ್ರ ಕುಂಯ್ ಅಂತು. 'ಜೇಬಲ್ಲಿ ಏನಿದೆ ಅಂಕಲ್?' ಅಪ್ಪ ನಿಧಾನಕ್ಕೆ ಒಂದೊಂದೇ ತೆಗೆದು ಟ್ರೇಯಲ್ಲಿಟ್ಟರು. ಎಲೆಅಡಿಕೆ ಸಂಚಿ, ಸುಣ್ಣದ ಡಬ್ಬಿ, ಮನೆ ಬೀಗದ ಕೈ. ಕೊನೆಗೆ ಚೂರಿ.

ಮಡಚುವ ಚೂರಿ ಅದು. ಹಿಡಿಗೆ ಕೊಂಬು ಕೂರಿಸಿದ್ದು, ಬಳಸಿ ಬಳಸಿ ನುಣ್ಣಗಾಗಿದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತಗೊಂಡಿದ್ದಂತೆ, ನಾನು ಹುಟ್ಟೋಕೆ ಮುಂಚೆ. ಎಲೆಯ ತೊಟ್ಟು ತೆಗೆಯೋಕೆ, ಅಡಿಕೆ ಸೀಳಿ ಒಳಗಿನ ಬಣ್ಣ ನೋಡೋಕೆ, ಗೊಬ್ಬರದ ಚೀಲದ ಹುರಿ ಕತ್ತರಿಸೋಕೆ, ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಉಂಬಳ ಕೆರೆದು ಹಾಕೋಕೆ, ಎಲ್ಲದಕ್ಕೂ ಅದೇ. ನನ್ನ ಪೆನ್ಸಿಲ್ ಚೂಪು ಮಾಡಿದ್ದೂ ಅದೇ ಚೂರಿಯಿಂದ. ಅಪ್ಪನಿಗೆ ಅದು ಜೇಬಲ್ಲಿದೆ ಅನ್ನೋ ನೆನಪೂ ಇರಲ್ಲ, ನಮಗೆ ಕನ್ನಡಕ ಮೂಗಿನ ಮೇಲಿದೆ ಅನ್ನೋದು ಮರೆತುಹೋಗುತ್ತಲ್ಲ, ಹಾಗೆ.

ಗಾರ್ಡ್ ಮುಖ ಬದಲಾಯ್ತು. ವಾಕಿಟಾಕಿ ಹಿಡಿದ ಸೂಪರ್‌ವೈಸರ್ ಬಂದ. 'ಇದು ವೆಪನ್ ಸರ್. ಇಲ್ಲೀಗಲ್. ಪೊಲೀಸರಿಗೆ ಹೇಳಬೇಕಾಗುತ್ತೆ' ಅಂದ. ಹಿಂದೆ ಕ್ಯೂ ಬೆಳೀತಿತ್ತು. ಒಬ್ಬ ಹುಡುಗ ಫೋನ್ ಎತ್ತಿ ಹಿಡಿದಿದ್ದ, ವಿಡಿಯೋ ಮಾಡ್ತಿದ್ದನೋ ಮೆಸೇಜ್ ಓದ್ತಿದ್ದನೋ ಗೊತ್ತಿಲ್ಲ. ಅಪ್ಪ, 'ಎಂತ ಮಾರಾಯಾ, ಎಲೆ ತೊಟ್ಟು ತೆಗಿಯೋ ಚೂರಿ ಅದು' ಅಂದರು. ಆತ ನಗಲಿಲ್ಲ.

ಇಪ್ಪತ್ತು ನಿಮಿಷ ಆದಮೇಲೆ ರಿಜಿಸ್ಟರ್‌ನಲ್ಲಿ ಹೆಸರು, ಫೋನ್ ನಂಬರ್ ಬರೆಸ್ಕೊಂಡು, ಚೂರಿಗೊಂದು ಟೋಕನ್ ಕೊಟ್ಟು ಒಳಗೆ ಬಿಟ್ಟರು. ಹೊರಡುವಾಗ ವಾಪಸ್ ಕೊಟ್ಟರು, ಅದರಲ್ಲಿ ತಕರಾರಿಲ್ಲ. ಚಪ್ಪಲಿ ತಗೊಳ್ಳಲಿಲ್ಲ. ಆಟೋದಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಇಪ್ಪತ್ತು ನಿಮಿಷ ನಾನು ಅಪ್ಪನ ಜೊತೆಗೇ ನಿಂತಿದ್ದೆ, ಆದರೆ ಒಂದು ಹೆಜ್ಜೆ ಆಚೆ. ನಮ್ಮ ಆಫೀಸಿನವರು ಯಾರಾದರೂ ನೋಡಿಬಿಟ್ಟರೆ ಅಂತ. ಅದನ್ನು ಅಪ್ಪ ಗಮನಿಸಿದರು ಅಂತಲೂ ನನಗೆ ಗೊತ್ತು.

ರಾತ್ರಿ ಊಟ ಆದಮೇಲೆ ಅವರು ಚೂರಿ ತೆಗೆದು ಟೇಬಲ್ ಮೇಲಿಟ್ಟರು. 'ಇದನ್ನ ನೀನೇ ಇಟ್ಕೊ ಪುಟ್ಟಿ. ರಾತ್ರಿ ಹನ್ನೊಂದಕ್ಕೆಲ್ಲ ಬರ್ತೀಯಂತೆ, ಒಬ್ಳೇ. ಬ್ಯಾಗಲ್ಲಿರ್ಲಿ. ನನಗೆ ಊರಲ್ಲಿ ಇನ್ನೊಂದಿದೆ.'

ಬೇಡ ಅಂದರೆ ಇನ್ನೊಂದು ಸಲ ಒಂದು ಹೆಜ್ಜೆ ದೂರ ನಿಂತ ಹಾಗೆ. ಇಟ್ಟುಕೊಂಡರೆ? ಅದು ತಪ್ಪಾ, ಸರಿಯಾ? ಸೂಪರ್‌ವೈಸರ್ ಹೇಳಿದ್ದು ನಿಜವಾ?

ಆಫೀಸಿನ ಗ್ರೂಪ್‌ನಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಹನ್ನೊಂದು ಉತ್ತರ. 'ಆರು ಇಂಚಿನವರೆಗೆ ಓಕೆ.' 'ಅಲ್ಲ, ಒಂಬತ್ತು ಇಂಚು.' 'ಕೈಯಷ್ಟು ಅಗಲಕ್ಕಿಂತ ಚಿಕ್ಕದಾದ್ರೆ ಏನೂ ಆಗಲ್ಲ.' 'ಯಾವ ಚಾಕುವೂ ಇಟ್ಕೊಳ್ಳೋ ಹಾಗಿಲ್ಲ, ಜಾಮೀನೂ ಸಿಗಲ್ಲ.' 'ಸ್ವಿಸ್ ನೈಫ್ ಆದ್ರೆ ಪರವಾಗಿಲ್ಲ, ಅದು ಬ್ರ್ಯಾಂಡು.' ಈ ಕೊನೆಯವನು ನಮ್ಮ ಟೀಮ್ ಲೀಡ್, ಹಾಗಾಗಿ ಯಾರೂ ಎದುರಾಡಲಿಲ್ಲ.

ಹೋದ ಸಲ ಬಾಡಿಗೆ ಮನೆ ಅಡ್ವಾನ್ಸ್ ಬಗ್ಗೆ ಬರೆದಾಗ ಸಹಾಯ ಮಾಡಿದ ವಕೀಲರೊಬ್ಬರು ನಿಮಗೆ ನೆನಪಿರಬಹುದು, ನನ್ನ ರೂಮ್‌ಮೇಟ್‌ನ ಅಕ್ಕ. ಈ ಸಲವೂ ಅವರಿಗೇ ಫೋನ್ ಹಚ್ಚಿದೆ. ಅವರು ಮೊದಲು ಕೇಳಿದ್ದು ಚೂರಿಯ ಉದ್ದವನ್ನಲ್ಲ. 'ಯಾತಕ್ಕೆ ಇಟ್ಕೊಳ್ತೀಯ?' ಅಂತ.

'ಸೇಫ್ಟಿಗೆ ಅಕ್ಕ. ಸೆಲ್ಫ್ ಡಿಫೆನ್ಸ್.'

'ಹಾಗಾದ್ರೆ ನಿಮ್ಮಪ್ಪನ ಜೇಬಲ್ಲಿದ್ದಾಗ ಅದು ಚೂರಿ. ನಿನ್ನ ಬ್ಯಾಗಲ್ಲಿ ಆಯುಧ.'

ತಮಾಷೆಗೆ ಅಂದರೇನೋ ಅಂದ್ಕೊಂಡೆ. ಕಾನೂನು ಓದಿದ ಮೇಲೆ ಗೊತ್ತಾಯ್ತು, ತಮಾಷೆ ಅಲ್ಲ.

ನಮ್ಮಲ್ಲಿ ಆಯುಧಗಳ ಮಾತು ಬಂದರೆ ಮೊದಲು ತೆರೆಯೋದು 1959ರ ಶಸ್ತ್ರಾಸ್ತ್ರ ಕಾಯ್ದೆ. ಆಯುಧ ಅಂದ್ರೆ ಏನು ಅಂತ ಅದರ 2ನೇ ಸೆಕ್ಷನ್ ಹೇಳುತ್ತೆ: ದಾಳಿಗೆ ಅಥವಾ ರಕ್ಷಣೆಗೆ ಆಯುಧವಾಗಿ ಬಳಸಲೆಂದು ತಯಾರಿಸಿದ ಅಥವಾ ಹಾಗೆ ಮಾರ್ಪಡಿಸಿದ ವಸ್ತು. ಅಥವಾ ರಕ್ಷಣೆಗೆ, ಅನ್ನೋದನ್ನ ಗಮನಿಸಿ. ನಾವೆಲ್ಲ 'ನಾನು ಯಾರಿಗೂ ತೊಂದರೆ ಕೊಡೋಕಲ್ಲ, ಬರೀ ನನ್ನ ರಕ್ಷಣೆಗೆ' ಅಂತ ಹೇಳಿದರೆ ಬಚಾವಾಗ್ತೀವಿ ಅಂದ್ಕೊಂಡಿರ್ತೀವಿ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ. ಬರೀ ಮನೆಬಳಕೆಗೆ ಅಥವಾ ಕೃಷಿಗೆ ಅಂತಲೇ ತಯಾರಾದ ವಸ್ತುಗಳು ಆಯುಧ ಅಲ್ಲ. ಲಾಠಿ, ಊರುಗೋಲುಗಳನ್ನು ಕಾಯ್ದೆಯೇ ಹೆಸರಿಸಿ ಹೊರಗಿಟ್ಟಿದೆ. ನಮ್ಮೂರಲ್ಲಿ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸ್ಕೊಂಡು ಪೇಟೆ ಬೀದಿಯಲ್ಲೇ ಹೋಗೋರನ್ನು ಯಾರೂ ತಡೆಯದೇ ಇರೋದು ಪೊಲೀಸರ ಉದಾರತೆಯಿಂದ ಅಲ್ಲ. ಆ ಕತ್ತಿಗೆ ಒಂದು ಕೆಲಸ ಇದೆ, ಅದು ಎಲ್ಲರಿಗೂ ಕಾಣುತ್ತೆ.

ಇನ್ನು ಆ ಒಂಬತ್ತು ಇಂಚಿನ ಕಥೆ. ಅದು ಪೂರ್ತಿ ಸುಳ್ಳಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯಲ್ಲಿ ಬಂದೂಕಲ್ಲದ ಆಯುಧಗಳದ್ದೇ ಒಂದು ವರ್ಗ ಇದೆ. ಖಡ್ಗ, ಗುಪ್ತಿ, ಕಠಾರಿ, ಭರ್ಜಿ, ಇವುಗಳ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಚಾಕುಗಳು. ಅದರಲ್ಲೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ತಯಾರಾದವನ್ನು ಬಿಟ್ಟು. ಇಲ್ಲದಿದ್ದರೆ ಹಲಸಿನಕಾಯಿ ಹೆಚ್ಚೋ ಕತ್ತಿಗೂ ಲೈಸೆನ್ಸ್ ಕೇಳಬೇಕಾಗ್ತಿತ್ತು. ಅಪ್ಪನ ಚೂರಿಯನ್ನು ಸ್ಕೇಲ್ ಇಟ್ಟು ಅಳೆದೆ. ಅಲಗು ಸುಮಾರು 7 ಸೆಂಟಿಮೀಟರ್, ಅಂದ್ರೆ ಎರಡೂಮುಕ್ಕಾಲು ಇಂಚು. ಅಗಲ ಒಂದೂವರೆ ಸೆಂಟಿಮೀಟರ್. ಅನುಸೂಚಿಯ ಹತ್ತಿರಕ್ಕೂ ಬರಲ್ಲ.

ಹಾಗಂತ 'ಒಂಬತ್ತು ಇಂಚಿಗಿಂತ ಕಡಿಮೆ ಇದ್ರೆ ಆರಾಮ' ಅಂತ ಸ್ಟೇಟಸ್ ಹಾಕಬೇಡಿ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರ ಯಾವುದೇ ಪ್ರದೇಶಕ್ಕೆ, ಯಾವುದೇ ಬಗೆಯ ಆಯುಧಕ್ಕೆ ಅಧಿಸೂಚನೆ ಹೊರಡಿಸಿ ಪರವಾನಗಿ ಕಡ್ಡಾಯ ಮಾಡಬಹುದು. ಅಂದ್ರೆ ಊರಿಂದ ಊರಿಗೆ ಅಳತೆ ಬದಲಾಗಬಹುದು. ದೆಹಲಿ ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲಿನ ಆಡಳಿತ 1980ರ ಅಕ್ಟೋಬರ್ 29ರಂದು ಹೊರಡಿಸಿದ ಅಧಿಸೂಚನೆ, ಗುಂಡಿ ಒತ್ತಿದರೆ ಚಕ್ಕನೆ ತೆರೆದುಕೊಳ್ಳುವ ಸ್ಪ್ರಿಂಗ್ ಚಾಕುಗಳನ್ನು ನಿಯಂತ್ರಣಕ್ಕೆ ತಂದಿತು. ಅಲಗಿನ ಉದ್ದ 7.62 ಸೆಂಟಿಮೀಟರ್, ಅಗಲ 1.72 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅನ್ವಯ ಆಗುತ್ತೆ. ಹಳೇ ಹಿಂದಿ ಸಿನಿಮಾಗಳಲ್ಲಿ ವಿಲನ್ ಟಕ್ ಅಂತ ತೆರೀತಿದ್ದ ರಾಂಪುರಿ ಚಾಕುವಿನ ವಂಶದವು ಇವು. (ಉತ್ತರ ಪ್ರದೇಶದ ರಾಂಪುರದವರಿಗೆ ಮಾತ್ರ ಅದರ ಮೇಲೆ ಅಭಿಮಾನ ಹೋಗಿಲ್ಲ. 2023ರಲ್ಲಿ ಒಂದು ಚೌಕದಲ್ಲಿ ಸುಮಾರು 20 ಅಡಿ ಉದ್ದದ ರಾಂಪುರಿ ಚಾಕುವನ್ನೇ ನಿಲ್ಲಿಸಿದ್ದಾರೆ.) ಆನ್‌ಲೈನ್‌ನಲ್ಲಿ 'ಕ್ಯಾಂಪಿಂಗ್ ನೈಫ್' ಅಂತ ಇನ್ನೂರು ಮುನ್ನೂರು ರೂಪಾಯಿಗೆ ಕಾಣೋವುಗಳಲ್ಲಿ ಗುಂಡಿ ಒತ್ತೋ ಜಾತಿಯವೂ ಇರ್ತವೆ. ಗುರುಗ್ರಾಮ, ನೋಯ್ಡಾಕ್ಕೆ ಟ್ರಾನ್ಸ್‌ಫರ್ ಆಗಿ ದಿನಾ ದೆಹಲಿ ದಾಟೋರು ಇದನ್ನ ನೆನಪಿಟ್ಕೊಳ್ಳಿ. ಅಪ್ಪನ ಚೂರಿಗೆ ಗುಂಡಿ ಇಲ್ಲ. ಉಗುರು ಸಿಕ್ಕಿಸಿ ಎಳೀಬೇಕು, ನನ್ನ ಉಗುರು ಎರಡು ಸಲ ಮುರಿದಿದೆ.

ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಅದರ 35ನೇ ಸೆಕ್ಷನ್ ಅಡಿ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಶಾಂತಿ ಕಾಪಾಡೋಕೆ ಅಂತ ಆದೇಶ ಹೊರಡಿಸಿದರೆ ಕತ್ತಿ, ಚಾಕು, ದೊಣ್ಣೆ, ಹೊಡೆಯೋಕೆ ಬಳಸಬಹುದಾದ ಯಾವ ವಸ್ತುವನ್ನೂ ಹೊರಗೆ ಒಯ್ಯೋ ಹಾಗಿಲ್ಲ. ಅಲ್ಲಿ ಇಂಚು ಸೆಂಟಿಮೀಟರ್ ಲೆಕ್ಕ ಇಲ್ಲ. ಮಂಗಳೂರಲ್ಲೋ ಶಿವಮೊಗ್ಗದಲ್ಲೋ ಗಲಾಟೆ ಆದಾಗ 'ನಿಷೇಧಾಜ್ಞೆ ಜಾರಿ' ಅಂತ ಸುದ್ದಿ ಓದ್ತೀವಲ್ಲ, ಅದರಲ್ಲಿ ನಾಲ್ಕು ಜನ ಗುಂಪು ಸೇರಬಾರದು ಅನ್ನೋದನ್ನಷ್ಟೇ ನಾವು ಓದ್ತೀವಿ. ಕೆಳಗೆ ಮಾರಕಾಸ್ತ್ರ ಒಯ್ಯಬಾರದು ಅನ್ನೋ ಸಾಲೂ ಸಾಮಾನ್ಯವಾಗಿ ಇರುತ್ತೆ. ಹಿಂದೆ 144 ಅಂತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಸಂಖ್ಯೆ ಬದಲಾಗಿದೆ, ಸಂಗತಿ ಅದೇ. ಗಣೇಶನ ಮೆರವಣಿಗೆ, ಚುನಾವಣೆ, ಬಂದ್, ಇಂಥ ದಿನಗಳಲ್ಲಿ ನೀವಿರೋ ಊರಿನ ಆದೇಶ ಒಮ್ಮೆ ನೋಡ್ಕೊಳ್ಳೋದು ವಾಸಿ.

ಅದೇ ಪೊಲೀಸ್ ಕಾಯ್ದೆಯ 96ನೇ ಸೆಕ್ಷನ್ ನನ್ನಂಥ ರಾತ್ರಿ ಶಿಫ್ಟಿನವರು ಓದಬೇಕಾದದ್ದು. ಸೂರ್ಯ ಮುಳುಗಿದ ಮೇಲಿಂದ ಹುಟ್ಟೋ ತನಕ, ಅಪರಾಧ ಮಾಡೋ ಉದ್ದೇಶದಿಂದ ಅಪಾಯಕಾರಿ ವಸ್ತು ಹಿಡಿದು ಸಿಕ್ಕಿಬಿದ್ದರೆ ಅದೇ ಒಂದು ಅಪರಾಧ. ಉದ್ದೇಶ ಇರಬೇಕು ಅನ್ನೋದು ಮುಖ್ಯ. ಆದರೆ ರಾತ್ರಿ ಒಂದೂವರೆಗೆ ಎದೆಯೊಳಗಿನ ಉದ್ದೇಶ ಬೀಟ್ ಪೊಲೀಸರಿಗೆ ಹೇಗೆ ಕಾಣ್ಬೇಕು? ಅವರು ನೋಡೋದು ಜಾಗ, ಹೊತ್ತು, ಜೊತೆಗಾರರು, ಮಾತಿನ ಧಾಟಿ. ಶಸ್ತ್ರಾಸ್ತ್ರ ಕಾಯ್ದೆಯ 20ನೇ ಸೆಕ್ಷನ್ ಕೂಡ ಇದೇ ದಾರಿಯದ್ದು. ಅನುಮಾನಕ್ಕೆ ಸಕಾರಣ ಇರೋ ರೀತಿಯಲ್ಲಿ ಆಯುಧ ಒಯ್ತಿದ್ದರೆ ಲೈಸೆನ್ಸ್ ಇದ್ದರೂ ವಾರಂಟ್ ಇಲ್ಲದೆ ಬಂಧಿಸಬಹುದು.

ಆ 'ಸೆಲ್ಫ್ ಡಿಫೆನ್ಸ್' ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನಮ್ಮ ವಯಸ್ಸಿನವರು ಅತಿ ಹೆಚ್ಚು ತಪ್ಪು ತಿಳ್ಕೊಂಡಿರೋದು ಇಲ್ಲೇ. ಆತ್ಮರಕ್ಷಣೆಯ ಹಕ್ಕು ಇದೆ, ಖಂಡಿತ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಅದಕ್ಕಂತಲೇ ಇವೆ. ಆದರೆ ಅದು ದಾಳಿ ನಡೀತಿರುವಾಗ, ಅಥವಾ ಈಗಲೇ ನಡೆಯುತ್ತೆ ಅನ್ನೋ ನಿಜವಾದ ಭಯ ಇರುವಾಗ, ಅಗತ್ಯ ಇರುವಷ್ಟು ಬಲ ಬಳಸೋ ಹಕ್ಕು. ಮುಂದೆಂದೋ ಬೇಕಾಗಬಹುದು ಅಂತ ದಿನಾ ಆಯುಧ ಹೊತ್ತು ತಿರುಗೋಕೆ ಕೊಟ್ಟ ಪರವಾನಗಿ ಅಲ್ಲ. ಅಕ್ಕ ಇನ್ನೊಂದು ವಿಷಯ ಹೇಳಿದರು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಗಳದ ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನೂ ಅಪಾಯಕಾರಿ ಆಯುಧ ಅಂತ ಪರಿಗಣಿಸಿ, ಪ್ರಕರಣ ರದ್ದು ಮಾಡೋಕೆ ಒಪ್ಪಲಿಲ್ಲ. ಪ್ರಾಣಕ್ಕೆ ಆ ಕ್ಷಣದ ಅಪಾಯ ಇರಲಿಲ್ಲ, ಹಾಗಾಗಿ ಆತ್ಮರಕ್ಷಣೆ ಅನ್ನೋಕಾಗಲ್ಲ ಅನ್ನೋದು ಕೋರ್ಟಿನ ನೋಟ. ಪೆಪ್ಪರ್ ಸ್ಪ್ರೇ ಕೊಳ್ಳೋಕೆ ಲೈಸೆನ್ಸ್ ಬೇಡ. ಎಲ್ಲಿ, ಯಾರ ಮೇಲೆ, ಯಾವಾಗ ಹೊಡೆದ್ರಿ ಅನ್ನೋದು ಬೇರೆ ಪ್ರಶ್ನೆ. ಸ್ಪ್ರೇಗೇ ಹೀಗಂದ್ರೆ ಚೂರಿಗೆ ಹೇಗೆ ಅಂತ ನೀವೇ ಯೋಚಿಸಿ. ಚೂರಿಯಿಂದ ಗಾಯ ಮಾಡಿದರೆ ಅದು ಸಾಮಾನ್ಯ ಗಾಯ ಅಲ್ಲ, ನ್ಯಾಯ ಸಂಹಿತೆಯ 118ನೇ ಸೆಕ್ಷನ್ನಿನ 'ಅಪಾಯಕಾರಿ ಆಯುಧದಿಂದ ಗಾಯ'.

ಕಾನೂನು ಪಕ್ಕಕ್ಕಿಡಿ. ನಿಜ ಹೇಳಿ, ನಮ್ಮಲ್ಲಿ ಎಷ್ಟು ಜನಕ್ಕೆ ಚಾಕು ಹಿಡಿದು ಇನ್ನೊಬ್ಬರನ್ನು ತಡೆಯೋಕೆ ಬರುತ್ತೆ? ನನಗಂತೂ ಬರಲ್ಲ. ಬ್ಯಾಗಿನ ಜಿಪ್ ತೆಗೆದು, ಚಾರ್ಜರ್, ಟಿಫಿನ್ ಬಾಕ್ಸ್, ಛತ್ರಿ ಸರಿಸಿ, ಉಗುರು ಸಿಕ್ಕಿಸಿ ಚೂರಿ ತೆರೆಯೋ ಹೊತ್ತಿಗೆ ಎದುರಿನವನು ಟೀ ಕುಡಿದು ಬರಬಹುದು. ಕೈಯಿಂದ ಕಿತ್ತುಕೊಂಡರೆ ಆ ಚೂರಿ ಯಾರದ್ದು ಆಗುತ್ತೆ? ಫೋನಿನಲ್ಲಿ 112 ಒತ್ತೋದು ಅದಕ್ಕಿಂತ ಬೇಗ.

ಇಷ್ಟೆಲ್ಲ ಹೇಳುವಾಗ, ಆಯುಧ ಅನ್ನೋದು ಗೌರವದ ಗುರುತೂ ಆಗಿರೋ ಜಾಗಗಳು ನಮ್ಮಲ್ಲೇ ಇವೆ ಅನ್ನೋದನ್ನ ಮರೀಬಾರದು. ಕೊಡಗಿನ ಮದುವೆಗೆ ಹೋದೋರು ನೋಡಿರ್ತೀರಿ, ಕುಪ್ಯಚೇಲೆಯ ಮುಂದೆ ಬೆಳ್ಳಿ ಕೆತ್ತನೆಯ ಪೀಚೆಕತ್ತಿ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್‌ನಲ್ಲಿ ಕೋವಿ, ಕತ್ತಿಗೆಲ್ಲ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದವರು ಹೈಕೋರ್ಟಿಗೆ ಹೋದರು, 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯಲ್ಲೇ ವಿವರಣೆ ಇದೆ. ದೇಶದೊಳಗಿನ ವಿಮಾನದಲ್ಲೂ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದ ಕಿರ್ಪಾಣಕ್ಕೆ ಅವಕಾಶ ಇದೆ.

ವಿಮಾನದ ಮಾತು ಬಂತಲ್ಲ, ಉಳಿದ ನಮಗೆಲ್ಲ ಅಲ್ಲಿ ರಿಯಾಯಿತಿ ಇಲ್ಲ. ಕ್ಯಾಬಿನ್ ಬ್ಯಾಗಿನಲ್ಲಿ ಮಡಚುವ ಚಾಕು, ಕೀ ಚೈನಿನ ಪುಟಾಣಿ ಸ್ವಿಸ್ ನೈಫ್, ಯಾವುದೂ ಹೋಗಲ್ಲ. ಚೆಕ್ ಇನ್ ಬ್ಯಾಗಿನಲ್ಲಿ ಹಾಕಿದರೆ ಹೋಗುತ್ತೆ. ಇದು ನನಗೆ ಗೊತ್ತಾಗಿದ್ದು ಒಂದು ಏರ್‌ಪೋರ್ಟಿನ ಕಸದ ಡಬ್ಬಿ ಮುಂದೆ, ಗೆಳತಿ ಕೊಟ್ಟಿದ್ದ ಕೆಂಪು ನೈಫಿಗೆ ವಿದಾಯ ಹೇಳ್ತಾ. ಮೆಟ್ರೋದಲ್ಲೂ ಬ್ಯಾಗ್ ಸ್ಕ್ಯಾನರ್ ಒಳಗೆ ಹೋಗುತ್ತೆ, ಚಾಕು ಕಂಡರೆ ನಿಲ್ಲಿಸ್ತಾರೆ. ಕೋರ್ಟು, ವಿಧಾನಸೌಧ ಹೇಳೋದೇ ಬೇಡ. ಇವೆಲ್ಲ ಆಯಾ ಬಾಗಿಲಿನ ನಿಯಮ. ಬೀದಿಯಲ್ಲಿ ತಪ್ಪಲ್ಲದ್ದು ಬಾಗಿಲಲ್ಲಿ ಬೇಡ ಅನ್ನಿಸಿಕೊಳ್ಳಬಹುದು. ಮಾಲ್‌ನ ಸೂಪರ್‌ವೈಸರ್ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು ಅಂತ ನನಗೆ ಅರ್ಥ ಆಗಿದ್ದು ಇಲ್ಲಿ. 'ಇದನ್ನ ಒಳಗೆ ಬಿಡೋಕಾಗಲ್ಲ' ಅನ್ನೋ ಅಧಿಕಾರ ಅವರಿಗಿದೆ, ಜಾಗ ಅವರದ್ದು. 'ಇದು ಇಲ್ಲೀಗಲ್' ಅನ್ನೋದು ಅವರು ತೀರ್ಮಾನಿಸೋ ವಿಷಯ ಅಲ್ಲ. ಚೂರಿಯನ್ನು ತಾವೇ ಇಟ್ಟುಕೊಳ್ಳೋ ಹಕ್ಕೂ ಅವರಿಗಿಲ್ಲ. ಆ ಹೊತ್ತಿಗೆ ಇಷ್ಟು ಗೊತ್ತಿದ್ದಿದ್ರೆ ಸಮಾಧಾನವಾಗಿಯೇ ಹೇಳಬಹುದಿತ್ತು: ಸರಿ, ಟೋಕನ್ ಕೊಡಿ, ಹೋಗುವಾಗ ತಗೊಳ್ತೀವಿ. ಎರಡು ನಿಮಿಷದ ಕೆಲಸ.

ಪೊಲೀಸರೇ ಕೇಳಿದರೆ? ವಾದ ಬೇಡ. ಏನಿದೆ, ಯಾಕಿದೆ ಅಂತ ನೆಟ್ಟಗೆ ಹೇಳಿ. ಸುಳ್ಳು ಹೇಳಿದರೆ ಇಲ್ಲದ ಅನುಮಾನ ಹುಟ್ಟುತ್ತೆ. ಹೆಣ್ಣುಮಕ್ಕಳ ದೇಹ ತಪಾಸಣೆ ಮಹಿಳೆಯೇ ಮಾಡಬೇಕು. ವಸ್ತು ವಶಪಡಿಸಿಕೊಂಡರೆ ಪಟ್ಟಿ ಮಾಡಬೇಕು. ಹೊಸ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ವಶದ ವಿಡಿಯೋ ದಾಖಲೆಯೂ ಆಗಬೇಕು. ಬಂಧಿಸಿದರೆ ಕಾರಣ ಹೇಳಬೇಕು, ನೀವು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ಇವು ಕೇಳಿ ಪಡೆಯೋ ಉಪಕಾರ ಅಲ್ಲ.

ರೀಲ್ಸ್ ಮಾಡೋರಿಗೂ ಒಂದು ಮಾತು. 'ಓಂ' ಬಂದ 1995ರಿಂದ ಕನ್ನಡ ಸಿನಿಮಾದಲ್ಲಿ ಲಾಂಗು ಮಚ್ಚುಗಳಿಗೆ ಹೀರೋನಷ್ಟೇ ಕ್ಲೋಸಪ್. ಪರದೆ ಮೇಲೆ ಇರಲಿ, ನೋಡೋಣ. ಆದರೆ 2025ರ ಮಾರ್ಚ್‌ನಲ್ಲಿ ರಿಯಾಲಿಟಿ ಶೋದಿಂದ ಹೆಸರಾದ ಇಬ್ಬರು ಮಚ್ಚು ಹಿಡಿದು ರೀಲ್ ಮಾಡಿ ಹಾಕಿದ್ದಕ್ಕೆ ಬೆಂಗಳೂರಿನ ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ಹಾಕಿ ಬಂಧಿಸಿದರು. ಬರ್ತ್‌ಡೇಗೆ ತಲವಾರ್‌ನಿಂದ ಕೇಕ್ ಕತ್ತರಿಸಿ ಠಾಣೆಗೆ ಹೋದವರ ಸುದ್ದಿ ಆಗಾಗ ಬರ್ತಾನೇ ಇರುತ್ತೆ. ಕೇಕ್ ಜೊತೆ ಪ್ಲಾಸ್ಟಿಕ್ ಚಾಕು ಬಿಟ್ಟಿ ಕೊಡ್ತಾರೆ ಮಾರಾಯ್ರೆ, ಅದು ಸಾಲದಾ?

ಆನ್‌ಸೈಟ್ ಅಂತ ಹೊರದೇಶಕ್ಕೆ ಹೋಗೋರಿಗೆ ಚುಟುಕಾಗಿ: ಅಲ್ಲಲ್ಲಿನ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಅಲಗಿನ ಅಂಚು 3 ಇಂಚಿನೊಳಗಿದ್ದು, ಲಾಕ್ ಆಗದೆ ಸಲೀಸಾಗಿ ಮಡಚುವಂಥ ಚಾಕುವನ್ನು ಕಾರಣ ಕೊಡದೆಯೂ ಜೇಬಲ್ಲಿಟ್ಕೊಳ್ಳಬಹುದು. ಉದ್ದ ಹೆಚ್ಚಿದ್ದರೆ ಅಥವಾ ಲಾಕ್ ಇದ್ದರೆ ಸರಿಯಾದ ಕಾರಣ ಬೇಕು, ಇಲ್ಲದಿದ್ದರೆ 4 ವರ್ಷದವರೆಗೆ ಜೈಲು. ಜಪಾನಿನಲ್ಲಿ ಅಲಗು 6 ಸೆಂಟಿಮೀಟರ್ ದಾಟಿದರೆ ಸಕಾರಣ ಇಲ್ಲದೆ ಒಯ್ಯೋದೇ ತಪ್ಪು. ಅಪ್ಪನ ಚೂರಿ ಎರಡೂಮುಕ್ಕಾಲು ಇಂಚು, ಲಾಕ್ ಇಲ್ಲ. ಅಂದ್ರೆ ಅಪ್ಪ ಲಂಡನ್ನಿನ ಬೀದಿಯಲ್ಲಿ ಅದನ್ನಿಟ್ಟುಕೊಂಡು ಆರಾಮಾಗಿ ಎಲೆಅಡಿಕೆ ಹಾಕ್ಕೊಂಡು ಓಡಾಡಬಹುದು. ಉಗಿಯೋದಕ್ಕೆ ಮಾತ್ರ ದಂಡ ಬೀಳುತ್ತೆ.

ಇದನ್ನೆಲ್ಲ ಓದಿ ಮುಗಿಸೋ ಹೊತ್ತಿಗೆ ಅಪ್ಪ ಊರಿಗೆ ಹೋಗಿಯಾಗಿತ್ತು. ಫೋನ್ ಮಾಡಿ ಹೇಳಿದೆ. 'ಅಪ್ಪಾ, ಆ ಚೂರಿಯಲ್ಲಿ ತಪ್ಪೇನಿಲ್ಲ. ನೀವು ಯಾವ ಕಾನೂನೂ ಮುರಿದಿಲ್ಲ. ಅವತ್ತು ಅಲ್ಲೇ ಅದನ್ನ ಹೇಳಬೇಕಿತ್ತು ನಾನು, ಹೇಳ್ಲಿಲ್ಲ.'

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಳೆ ಸದ್ದು ಕೇಳ್ತಿತ್ತು.

'ಅದೆಲ್ಲ ಇರ್ಲಿ. ಬ್ಯಾಗಲ್ಲಿ ಇಟ್ಕೊಂಡಿದ್ಯಾ ಇಲ್ವಾ?'

'ಇಲ್ಲ ಅಪ್ಪಾ. ಅಡುಗೆಮನೆಯಲ್ಲಿದೆ. ರಾತ್ರಿ ಕಂಪನಿ ಕ್ಯಾಬಲ್ಲೇ ಬರ್ತೀನಿ, ಹತ್ತಿದ ಕೂಡಲೇ ನಿಮಗೆ ಲೊಕೇಶನ್ ಕಳಿಸ್ತೀನಿ.'

'ಅಡುಗೆಮನೆಲಿ ಎಂತ ಮಾಡ್ತೀಯ ಅದ್ರಲ್ಲಿ?'

'ನಿಂಬೆಹಣ್ಣು ಕತ್ತರಿಸ್ತೀನಿ.'

'ಹುಳಿ ತಾಗಿದ ಮೇಲೆ ಒರೆಸಿ ಇಡು ಮಾರಾಯ್ತಿ, ಕಬ್ಬಿಣ ಅದು, ತುಕ್ಕು ಹಿಡಿತದೆ' ಅಂದರು. ಆಮೇಲೆ ಕೊಬ್ಬರಿ ಎಣ್ಣೆ ಎಷ್ಟು ಹಚ್ಚಬೇಕು, ಬಟ್ಟೆ ಎಂಥದ್ದಿರಬೇಕು, ಮಸೆಯೋ ಕಲ್ಲು ಬೆಂಗಳೂರಲ್ಲಿ ಎಲ್ಲಿ ಸಿಗಬಹುದು ಅಂತ ಹದಿನೈದು ನಿಮಿಷ ಮಾತಾಡಿದರು. ದೀಪಾವಳಿಗೆ ಬರುವಾಗ ಕಲ್ಲು ತಾವೇ ತರ್ತಾರಂತೆ. ಚಪ್ಪಲಿಯನ್ನ ಮಾತ್ರ ತೀರ್ಥಹಳ್ಳಿಯಲ್ಲೇ ತಗೊಂಡಾಯ್ತಂತೆ.